ಅಂಗೈಯ ಅವಳಿ

ಫಕೀರವ್ವ ಕಮಡೊಳ್ಳಿ ಏಕಕಾಲಕ್ಕೆ ಎರಡು ದೇಶಗಳಲ್ಲಿ ಇದ್ದಾಳೆಂದು ಯಂತ್ರ ಹೇಳಿದಾಗ ಬೆಳಿಗ್ಗೆ ಒಂಬತ್ತು ಗಂಟೆ ಐವತ್ತು ನಿಮಿಷ. ಎರಡರಲ್ಲಿ ಒಂದು ಕಡೆ ಆಕೆ ಇದ್ದದ್ದಂತೂ ನಿಜ. ಧಾರವಾಡದಾಚೆ ಹೊಸದಾಗಿ ಕಟ್ಟಿದ ವಿಮಾನ ನಿಲ್ದಾಣದ ಎರಡನೆಯ ಗೇಟಿನಲ್ಲಿ, ಇಳಕಲ್ ಸೀರೆ ಉಟ್ಟು, ಬಲಗೈಯನ್ನು ಗಾಜಿನ ತಟ್ಟೆಯ ಮೇಲೆ ಚಾಚಿಕೊಂಡು ನಿಂತಿದ್ದಳು.

“ನೀವು ಮಾರಿಷಸ್‌ನೊಳಗ, ಪೋರ್ಟ್ ಲೂಯಿ ಬಂದರಿನ್ಯಾಗ ಇದ್ದೀರಿ ಅಂತ ತೋರಸಾಕತ್ತೈತಿ,” ಎಂದ ಗೇಟಿನ ಅಧಿಕಾರಿ ಈರಣ್ಣ ಹೂಲಿ.

“ಅಲ್ಲಿಗೇ ಹೊಂಟೀನಿ. ಇನ್ನೂ ಮುಟ್ಟಿಲ್ಲ.”

“ಹತ್ತು ನಿಮಿಷದ ಹಿಂದನ ಮುಟ್ಟೀರಂತ.”

“ಹಂಗಾರ ನನ್ನ ಚೀಲಾನೂ ಮುಟ್ಟೈತೇನು ಕೇಳ್ರಿ. ಹೊತ್ತು ಹೊತ್ತು ಹೆಗಲು ಬಿದ್ದು ಹೋಗೈತಿ.”

ಈರಣ್ಣ ನಗಲಿಲ್ಲ. ತಟ್ಟೆಯ ಅಂಚಿನ ದೀಪ ಕೆಂಪಾಗಿತ್ತು. ಅದು ಕೆಂಪಾದದ್ದನ್ನು ಅವನು ತರಬೇತಿಯಲ್ಲಿ ಒಮ್ಮೆ ನೋಡಿದ್ದು ಬಿಟ್ಟರೆ ಇದೇ ಮೊದಲು.

ಪಾಸ್‌ಪೋರ್ಟ್ ಎಂಬ ಪುಸ್ತಕ ಇಲ್ಲವಾಗಿ ಮೂರು ವರ್ಷವಾಗಿತ್ತು. ಏಳು ದೇಶಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡು ಅದರ ಬದಲಿಗೆ ತಂದದ್ದರ ಹೆಸರು ‘ಜೈವಿಕ ಸಂಚಾರ ಗುರುತು’. ಇಷ್ಟುದ್ದ ಹೇಳಲು ಯಾರಿಗೂ ಪುರುಸೊತ್ತಿಲ್ಲದ್ದರಿಂದ ಜನ ಅದನ್ನು ಅಂಗೈ ಪಾಸು ಎಂದು ಕರೆದರು. ತತ್ತ್ವ ಸರಳ. ಫೋಟೊ ಹಳೆಯದಾಗುತ್ತದೆ, ಬೆರಳ ಗೆರೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಆದರೆ ಪ್ರತಿಯೊಬ್ಬರ ಅಂಗೈ ಮೇಲೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಒಂದು ದೊಡ್ಡ ಸಂಸಾರವಿದೆ. ಆ ಸಂಸಾರದಲ್ಲಿ ಯಾವ ಜಾತಿಯವು ಎಷ್ಟಿವೆ ಎಂಬ ಲೆಕ್ಕ ಒಬ್ಬರದ್ದಿದ್ದಂತೆ ಇನ್ನೊಬ್ಬರದ್ದಿರುವುದಿಲ್ಲ. ಸೋಪು ಹಚ್ಚಿ ಉಜ್ಜಿದರೂ ಒಂದೆರಡು ತಾಸಿನಲ್ಲಿ ಅವು ಚರ್ಮದ ರಂಧ್ರಗಳಿಂದ ಮೇಲೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತುಕೊಳ್ಳುತ್ತವೆ, ನೋಟೀಸು ಕೊಟ್ಟರೂ ಮನೆ ಬಿಡದ ಬಾಡಿಗೆದಾರರ ಹಾಗೆ. ಗಾಜಿನ ತಟ್ಟೆ ಅಂಗೈ ಮೇಲಿನ ಗಾಳಿಯನ್ನು ಮೆಲ್ಲಗೆ ಹೀರಿ, ಅದರಲ್ಲಿ ಬಂದವರನ್ನೆಲ್ಲ ಹಾಜರಿ ಕರೆದು, ಇದು ಇಂಥವರದೇ ಕೈ ಎಂದು ನಾಲ್ಕು ಸೆಕೆಂಡಿನಲ್ಲಿ ಹೇಳುತ್ತದೆ. ಕಳೆದುಕೊಳ್ಳುವಂತಿಲ್ಲ, ಮನೆಯಲ್ಲಿ ಮರೆತು ಬರುವಂತಿಲ್ಲ.

ಆದರೆ ಒಂದು ನಿಯಮ ಬಹಳ ಕಟ್ಟುನಿಟ್ಟು. ಒಂದು ಕೈಗೆ ಒಬ್ಬರೇ ಮನುಷ್ಯರು. ಒಂದೇ ಕೈ ಎರಡು ಕಡೆ ಕಂಡರೆ ಇಬ್ಬರಲ್ಲಿ ಒಬ್ಬರು ವಂಚಕರು. ಆಗ ಎರಡೂ ಗೇಟುಗಳು ಮುಚ್ಚಿಕೊಳ್ಳುತ್ತವೆ. ಮಧ್ಯಾಹ್ನ ಹನ್ನೆರಡರೊಳಗೆ ವಿಷಯ ಇತ್ಯರ್ಥವಾಗದಿದ್ದರೆ, ಯಾರು ಆಮೇಲೆ ನೋಂದಾಯಿಸಿದ್ದಾರೋ ಅವರ ಗುರುತನ್ನು ಯಂತ್ರ ತಾನೇ ಅಳಿಸಿ ಹಾಕುತ್ತದೆ. ಅಳಿಸಿದ ಮೇಲೆ ಎರಡು ವರ್ಷ ಯಾವ ಗಡಿಯನ್ನೂ ದಾಟುವಂತಿಲ್ಲ.

ಪೋರ್ಟ್ ಲೂಯಿಯಲ್ಲಿದ್ದ ಕೈ ಮೂರು ವರ್ಷದ ಹಿಂದೆ ನೋಂದಾಯಿತವಾಗಿತ್ತು. ಫಕೀರವ್ವನದು ಹನ್ನೊಂದು ದಿನದ ಹಿಂದೆ. ಬೇರೆ ಕೈಗಳೊಂದಿಗೆ ತಾಳೆ ನೋಡುವುದು ಗೇಟಿನಲ್ಲಿ ಮಾತ್ರ.

ಈರಣ್ಣ ಇಷ್ಟನ್ನೂ ಬಿಡಿಸಿ ಹೇಳಿದ. ಫಕೀರವ್ವ ಕೇಳಿಸಿಕೊಂಡಳು. ಅರವತ್ತಾರು ವಯಸ್ಸಿನ ಆಕೆ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಗುರುತಿನ ಚೀಟಿಗಳ ವಿಷಯದಲ್ಲಿ ಆಕೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

“ನೋಡಪಾ, ಅಣ್ಣನ ಪಾಸಿನ ಮ್ಯಾಲೆ ತಮ್ಮ ಬರ್ತಿದ್ದ. ಫೋಟೊ ನೋಡಿದ್ರ ಇಬ್ಬರೂ ಒಂದ. ನಾ ಏನು ಮಾಡ್ತಿದ್ದೆ ಗೊತ್ತೈತೇನು? ‘ನಿಮ್ಮವ್ವ ಆರಾಮದಾಳ?’ ಅಂತ ಕೇಳ್ತಿದ್ದೆ. ಕಳ್ಳ ಇದ್ದಾವ ಮುಖ ತಗ್ಗಸ್ತಿದ್ದ. ನಿನ್ನ ಯಂತ್ರಕ್ಕ ಅಷ್ಟ ಕೇಳಾಕ ಹೇಳು.”

“ಯಂತ್ರಕ್ಕ ಅದು ಬರೂದಿಲ್ರಿ ಅಮ್ಮಾರ.”

“ಮತ್ತ ಯಾಕ ಇಟ್ಟೀರಿ?”

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದನ್ನು ಆಕೆ ಮರೆತಿದ್ದಳು.

ಆಕೆಯ ಮಗಳು ಬನಶಂಕರಿ ಸರಕು ಹಡಗಿನಲ್ಲಿ ಎಂಜಿನಿಯರ್. ಹಡಗಿಗೆ ಹೊರಟ ದಿನ ತಾಯಿ ಮಗಳಿಗೆ ಜಗಳವಾಗಿತ್ತು. ಜಗಳದ ಕಾರಣ ಕೇಳಿದರೆ ಯಾರಾದರೂ ನಗುತ್ತಾರೆ. ಒಂದು ಅರಿವೆಯ ತುಂಡು. ಫಕೀರವ್ವ ಅದನ್ನು ಏಳು ದಿನ ಮೊಸರಿನಲ್ಲಿ ಅದ್ದಿ, ಏಳು ದಿನ ನೆರಳಿನಲ್ಲಿ ಒಣಗಿಸಿ, ಗಂಟು ಹಾಕಿ ಮಗಳ ಚೀಲದಲ್ಲಿಟ್ಟಿದ್ದಳು. ಹೋದ ಊರಿನಲ್ಲಿ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಗಂಟನ್ನು ಅದ್ದಿಟ್ಟರೆ ಬೆಳಗಾಗುವುದರೊಳಗೆ ಮನೆಯ ಮೊಸರು. ಆಕೆಯ ತಾಯಿ ಆಕೆಗೆ ಹಾಗೆ ಕೊಟ್ಟಿದ್ದಳು, ಆ ತಾಯಿಗೆ ಅವಳ ತಾಯಿ. “ಎಂಜಿನ್ ರೂಮಿನ್ಯಾಗ ನಾ ಇದನ್ನ ಹಚ್ಚಿಕೊಂಡು ಕುಂಡ್ರಲೇನು? ಹಡಗಿನ್ಯಾಗ ಪ್ಯಾಕೆಟ್ ಮಸರು ಕೊಡ್ತಾರ,” ಎಂದು ಮಗಳು ಗಂಟನ್ನು ಕಿಟಕಿಯ ಗೂಟಕ್ಕೆ ಸಿಕ್ಕಿಸಿ ಹೋದಳು. ತಾಯಿ ಹತ್ತೊಂಬತ್ತು ತಿಂಗಳು ಮಾತು ಬಿಟ್ಟಳು.

ಈಗ ಹದಿನೈದು ದಿನದ ಹಿಂದೆ ಸಂದೇಶ ಬಂದಿತ್ತು. ‘ಅವ್ವಾ, ಹಡಗು ರಿಪೇರಿಗಂತ ಪೋರ್ಟ್ ಲೂಯಿಯೊಳಗ ಮೂರು ದಿನ ನಿಲ್ಲತೈತಿ. ಐತವಾರ ಮುಂಜಾನೆ ಬಿಡತೈತಿ. ಆಮ್ಯಾಲೆ ಮತ್ತ ಎರಡು ವರ್ಷ. ಬರ್ತೀಯೇನು?’ ಇವತ್ತು ಶುಕ್ರವಾರ. ವಿಮಾನ ಒಂದೂ ಹತ್ತಕ್ಕೆ.

ಮೇಲಿನ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ ವಸುಧಾ ಇನಾಮದಾರ ಮೂರು ಪರದೆಗಳ ಮುಂದೆ ಶಾಲು ಹೊದ್ದು ಕೂತಿದ್ದಳು. ಯಂತ್ರಗಳಿಗೆ ಸೆಖೆಯಾಗಬಾರದೆಂದು ಆ ಕೊಠಡಿಯಲ್ಲಿ ಮನುಷ್ಯರನ್ನು ಚಳಿಗೆ ಹಾಕುತ್ತಾರೆ. ವಸುಧಾ ಸೂಕ್ಷ್ಮಜೀವಿ ವಿಜ್ಞಾನಿ. ಅಂಗೈ ಪಾಸಿನ ಲೆಕ್ಕಾಚಾರ ಕಟ್ಟಿದ ಹನ್ನೆರಡು ಮಂದಿಯಲ್ಲಿ ಒಬ್ಬಳು. ಮೂರು ವರ್ಷದಲ್ಲಿ ನಲವತ್ತು ಕೋಟಿ ಸಲ ಗೇಟು ತೆರೆದಿದ್ದರೂ ಯಂತ್ರ ಒಮ್ಮೆಯೂ ಇಬ್ಬರನ್ನು ಒಬ್ಬರೆಂದು ತಪ್ಪು ತಿಳಿದಿರಲಿಲ್ಲ. ಇದನ್ನು ಅವಳು ಸಭೆಗಳಲ್ಲಿ ಹೇಳುತ್ತಿದ್ದಳು, ಸ್ವಲ್ಪ ಹೆಮ್ಮೆಯಿಂದಲೇ.

ಪರದೆಯ ಮೇಲೆ ಎರಡು ಕೈಗಳ ಪಟ್ಟಿ ಅಕ್ಕಪಕ್ಕ ನಿಂತಿತ್ತು. ಪೋರ್ಟ್ ಲೂಯಿಯ ಕೈ ಲೀಲಾವತಿ ರಾಮಜಿ ಎಂಬುವಳದು. ವಯಸ್ಸು ಅರವತ್ತೊಂದು, ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದು ನಿವೃತ್ತಿ, ಪಕ್ಕದ ದ್ವೀಪದಿಂದ ದೋಣಿಯಲ್ಲಿ ಅಂದು ಬೆಳಿಗ್ಗೆ ಬಂದಿಳಿದವಳು. ವಸುಧಾ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ನೂರಾರು ಜೀವಿಗಳು ಬೇರೆ ಬೇರೆಯೇ ಇದ್ದವು. ಯಂತ್ರ ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎರಡೂ ಪಟ್ಟಿಯ ನೆತ್ತಿಯ ಮೇಲೆ ಒಂದೇ ಜೀವಿ ಕೂತಿತ್ತು. ಅದಕ್ಕೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಯಾವುದು ಎಷ್ಟು ಅಪರೂಪವೋ ಅದಕ್ಕೆ ಅಷ್ಟು ತೂಕ ಎಂಬುದು ಯಂತ್ರದ ನಿಯಮ. ಇದು ಎಷ್ಟು ಅಪರೂಪವೆಂದರೆ ಉಳಿದವರೆಲ್ಲ ಇದರ ಮುಂದೆ ಮಾತಾಡುವಂತಿರಲಿಲ್ಲ.

ಅವಳು ಕೆಳಗಿನ ಗೇಟಿಗೆ ಇಳಿದು ಬಂದಳು.

“ಅಮ್ಮಾ, ನಾ ವಸುಧಾ ಅಂತ. ಇದರ ಲೆಕ್ಕ ನೋಡಾಕಿ. ನಿಮ್ಮ ಕೈಗೆ ಏನರೆ ಹಚ್ಚಿಕೊಂಡೀರೇನು? ಔಷಧ, ಎಣ್ಣಿ?”

“ಎಣ್ಣಿ ತಲಿಗೆ ಹಚ್ಕೋತಾರವಾ.”

“ದಿನಾ ಕೈಲೆ ಏನೇನ ಕೆಲಸ ಮಾಡ್ತೀರಿ?”

“ಏನು ಮಾಡೂದಿಲ್ಲ ಅಂತ ಕೇಳು, ಲಗೂನ ಮುಗೀತೈತಿ.”

ಈರಣ್ಣ ನಡುವೆ ಬಾಯಿ ಹಾಕಿದ. “ಮೇಡಂ, ಇವರ ಚೀಲದಾಗ ಇದೊಂದು ಸಿಕ್ಕೈತ್ರಿ. ಕೊಳಕ ಅರಿವಿ. ಬಾಜೂಕ ಇಟ್ಟೀನಿ.”

“ಕೊಳಕಂತ.” ಫಕೀರವ್ವ ಅವನ ಕಡೆ ತಿರುಗಿದಳು. “ನಿಮ್ಮವ್ವ ಆರಾಮದಾಳೇನಪಾ? ಹೋಗಿ ಕೇಳು ಆಕೀನ, ಇದು ಕೊಳಕೋ ಹೆಪ್ಪೋ ಅಂತ.”

ವಸುಧಾ ಆ ಗಂಟನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಒಣಗಿ ಗರಿಗರಿಯಾಗಿತ್ತು. ಮೂಸಿದಳು. ಹುಳಿ ಇತ್ತು, ಅದರ ಹಿಂದೆ ಇನ್ನೇನೋ ಇತ್ತು. ಅವಳ ಅಜ್ಜಿ ಇದ್ದಾಗಿನ ಅಡುಗೆಮನೆಯ ನೆಲುವಿನದ್ದು. ಆಮೇಲೆ ಗಂಟನ್ನು ತಟ್ಟೆಯ ಮೇಲಿಟ್ಟಳು. ನಾಲ್ಕು ಸೆಕೆಂಡಿನಲ್ಲಿ ಯಂತ್ರ ತನ್ನ ತೀರ್ಪು ಕೊಟ್ಟಿತು. ಅರಿವೆಯ ತುಂಡೂ ಫಕೀರವ್ವ ಕಮಡೊಳ್ಳಿಯೇ.

“ಈಗ ಮೂರು ಮಂದಿ ಆದ್ರು,” ಎಂದ ಈರಣ್ಣ.

ವಸುಧಾಳಿಗೆ ತಮ್ಮ ತಪ್ಪು ಆ ಕ್ಷಣಕ್ಕೆ ಗೊತ್ತಾಯಿತು. ಊಟದಿಂದ ಕೈಗೆ ಹತ್ತುವ ಜೀವಿಗಳನ್ನು ಲೆಕ್ಕದಿಂದ ಬಿಡಬೇಕೆಂದು ಹನ್ನೆರಡು ಮಂದಿ ವಿಜ್ಞಾನಿಗಳು ಸೇರಿ ಒಂದು ಪಟ್ಟಿ ಮಾಡಿದ್ದರು. ಮಾದರಿಗೆ ನಾಲ್ಕು ಸಾವಿರ ಮಂದಿಯ ಕೈ ಪಡೆದಿದ್ದರು. ನಾಲ್ಕು ಸಾವಿರ ಮಂದಿಯೂ ದೊಡ್ಡ ಊರಿನವರು, ಪ್ಯಾಕೆಟ್ ಮೊಸರಿನವರು. ಜಗತ್ತಿನಲ್ಲಿ ಮೊಸರು ಎಂದರೆ ಮೂರು ಬಗೆ ಎಂದು ಯಂತ್ರಕ್ಕೆ ಕಲಿಸಿಕೊಟ್ಟಿದ್ದರು. ಮಾದರಿ ಕೊಟ್ಟವರಲ್ಲಿ ಮೊದಲನೆಯವಳು ವಸುಧಾಳೇ. ಅವಳ ಫ್ರಿಜ್ಜಿನ ಬಾಗಿಲಿನಲ್ಲಿ ಆಗಲೂ ಎರಡು ಪ್ಯಾಕೆಟ್ ಇದ್ದವು, ಈಗಲೂ ಇವೆ.

ಪೋರ್ಟ್ ಲೂಯಿಯ ಜೊತೆ ಪರದೆ ಜೋಡಿಸಿದರು. ಲೀಲಾವತಿ ಕಾಣಿಸಿದಳು. ಕುಳ್ಳಗೆ, ಹೂವಿನ ಉಡುಪು ತೊಟ್ಟು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬೆಳಗಿನಿಂದ ಕಾಯಿಸಿದ್ದಕ್ಕೆ ಮುಖ ಬಿಗಿದುಕೊಂಡು ಕೂತಿದ್ದಳು. ಅವಳು ತನ್ನ ದ್ವೀಪದ ಭಾಷೆಯಲ್ಲಿ ಗದರುತ್ತಿದ್ದಳು. ಅದನ್ನು ಕನ್ನಡಕ್ಕೆ ತರುತ್ತಿದ್ದ ಅನುವಾದ ಯಂತ್ರ ಯಾವುದೋ ಹಳೆಯ ಕಾಲದ ಪುಸ್ತಕ ಓದಿ ಕನ್ನಡ ಕಲಿತಂತಿತ್ತು.

“ಮಾನ್ಯರೇ, ನಾನು ನಾನೇ ಆಗಿರುತ್ತೇನೆ. ತಾವು ಮೂಢರಾಗಿರುವಿರಿ,” ಎಂದಿತು ಯಂತ್ರ, ಅತ್ಯಂತ ವಿನಯದಿಂದ.

“ಹೌದು ನೋಡವಾ, ನಾನೂ ಅದನ್ನ ಹೇಳಾಕತ್ತೀನಿ,” ಎಂದಳು ಫಕೀರವ್ವ.

ವಸುಧಾ ಗಂಟನ್ನು ಪರದೆಯ ಮುಂದೆ ಹಿಡಿದಳು.

ಲೀಲಾವತಿಯ ಗದರಿಕೆ ನಿಂತಿತು. ಅವಳು ಪರದೆಯ ಹತ್ತಿರ ಮುಖ ತಂದು ನೋಡಿದಳು. ಆಮೇಲೆ ಮಡಿಲಿನ ಕೈಚೀಲ ತೆರೆದು, ಕರವಸ್ತ್ರ, ಮಾತ್ರೆಯ ಡಬ್ಬಿ, ಬಾಚಣಿಕೆ ಒಂದೊಂದಾಗಿ ಹೊರಗಿಟ್ಟು, ತಳದಿಂದ ಒಂದು ಅರಿವೆಯ ಗಂಟು ತೆಗೆದಳು. ಅದಕ್ಕೆ ಹೂವಿನ ಚಿತ್ರವಿತ್ತು. ಗಂಟು ಮಾತ್ರ ಇದೇ ಗಂಟು, ಮೂರು ಸುತ್ತು, ಒಂದು ತುದಿ ಉದ್ದ, ಒಂದು ತುದಿ ಗಿಡ್ಡ.

“ಪಟ್ಟಣದಲ್ಲಿರುವ ಸೊಸೆಗೆ ಒಯ್ಯುತ್ತಿರುವೆನು. ನನ್ನ ಮಾತೆಯು ನನಗೆ ನೀಡಿದಳು,” ಎಂದಿತು ಅನುವಾದ ಯಂತ್ರ. ಆಮೇಲೆ, ಲೀಲಾವತಿ ಸ್ವಲ್ಪ ತಡೆದು ಕೇಳಿದ್ದನ್ನು ಅದೂ ತಡೆದು ಕೇಳಿತು. “ಆ ಭಗಿನಿಯು ಯಾರು?”

ಗಡಿಯಾರದಲ್ಲಿ ಹನ್ನೊಂದು ಹೊಡೆದು ಹತ್ತು ನಿಮಿಷವಾಗಿತ್ತು.

ವಸುಧಾ ಮೆಟ್ಟಿಲು ಹತ್ತಿ ಓಡಿದಳು. ಯಂತ್ರಕ್ಕೆ ಈವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಇವೆರಡೂ ಒಂದೋ ಅಲ್ಲವೋ. ಅವಳು ಪ್ರಶ್ನೆ ಬದಲಿಸಿದಳು. ಇವೆರಡೂ ಬೇರೆಯಾಗಿ ಎಷ್ಟು ಕಾಲವಾಯಿತು?

ಇದನ್ನು ಲೆಕ್ಕ ಹಾಕಬಹುದು. ಜೀವಿ ಒಡೆದು ಎರಡಾಗುವಾಗ ತನ್ನ ಒಳಗಿನ ಬರಹವನ್ನು ನಕಲು ಮಾಡುತ್ತದೆ. ಯಾವ ನಕಲುಗಾರನಿಗೂ ಎಲ್ಲೋ ಒಮ್ಮೆ ಕೈ ತಪ್ಪುತ್ತದೆ. ಎರಡು ಮನೆಗಳ ಹೆಪ್ಪು ಬೇರೆಯಾದ ದಿನದಿಂದ ತಪ್ಪುಗಳೂ ಬೇರೆ ಬೇರೆಯಾಗಿ ಕೂಡುತ್ತ ಬರುತ್ತವೆ. ಅವನ್ನು ಎಣಿಸಿದರೆ ವರ್ಷ ಸಿಕ್ಕುತ್ತದೆ. ಯಂತ್ರ ಈ ಸಲ ನಾಲ್ಕು ಸೆಕೆಂಡಿನಲ್ಲಿ ಮುಗಿಸಲಿಲ್ಲ. ಹನ್ನೊಂದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ವಸುಧಾ ಇನ್ನೊಂದು ಕೆಲಸ ಮಾಡಿದಳು. ನೋಂದಾಯಿತ ಕೈಗಳಲ್ಲೆಲ್ಲ ಈ ಹೆಸರಿಲ್ಲದ ಜೀವಿ ಒಂದು ಚೂರಾದರೂ ಎಲ್ಲೆಲ್ಲಿದೆ, ತೋರಿಸು ಎಂದಳು.

ಕಪ್ಪು ನಕಾಶೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು. ಫಕೀರವ್ವನ ಊರು ಕುಂದಗೋಳದಲ್ಲಿ ನಾಲ್ಕು. ಗದಗಿನಲ್ಲಿ, ಸೊಲ್ಲಾಪುರದಲ್ಲಿ. ಮುಂಬಯಿಯ ಹಳೆಯ ಗಿರಣಿ ಓಣಿಗಳಲ್ಲಿ ಒಂದು ಹಿಡಿ. ಆಮೇಲೆ ಸಮುದ್ರ, ಬಹಳ ಹೊತ್ತು ಬರೀ ಕಪ್ಪು. ಆಮೇಲೆ ಆಚೆ ದಡದಲ್ಲಿ, ಮಾರಿಷಸ್‌ನ ಕಬ್ಬಿನ ಹೊಲಗಳ ಅಂಚಿನಲ್ಲಿ ಸಾಲು ಸಾಲಾಗಿ, ಡರ್ಬನ್‌ನಲ್ಲಿ ಮೂರು, ಇನ್ನೂ ಕೆಳಗೆ ಒಂದು. ಒಟ್ಟು ಇನ್ನೂರ ಹದಿನಾಲ್ಕು ಕೈಗಳು. ಹೆಚ್ಚಿನವು ಮಂಕು, ಪ್ಯಾಕೆಟ್ಟಿನ ಜೊತೆ ಬೆರೆತವು. ಎರಡು ಮಾತ್ರ ಉರಿಯುತ್ತಿದ್ದವು. ಹನ್ನೊಂದು ಗಂಡಸರ ಕೈಗಳೂ ಇದ್ದವು. ಯಾವ ಯಾವ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂಬ ಗುಟ್ಟು ಸರ್ಕಾರಕ್ಕೆ ಗೊತ್ತಾದದ್ದು ಹೀಗೆ.

ಈರಣ್ಣ ಫಕೀರವ್ವನನ್ನು ಕರೆದುಕೊಂಡು ಮೇಲೆ ಬಂದಿದ್ದ. ಇಬ್ಬರೂ ಬಾಗಿಲಲ್ಲೇ ನಿಂತರು.

“ಇವೆಲ್ಲ ಏನವಾ ದೀಪ?” ಎಂದಳು ಫಕೀರವ್ವ.

“ನಿಮ್ಮ ಮನಿ ಮಸರು.”

ಫಕೀರವ್ವ ನಕಾಶೆ ನೋಡಿದಳು. ಆಮೇಲೆ ಬಲಗೈ ಮೇಲೆತ್ತಿ, ತನ್ನದೇ ಅಂಗೈಯನ್ನು ಯಾರೋ ಈಗಷ್ಟೇ ಕೈಗಿತ್ತ ಕಾಗದದಂತೆ ಹಿಡಿದು ನೋಡಿಕೊಂಡಳು.

ಯಂತ್ರ ಉತ್ತರ ಕೊಟ್ಟಿತು. ನೂರ ಅರವತ್ತೆಂಟರಿಂದ ನೂರ ಎಂಬತ್ತೊಂದು ವರ್ಷ.

ಕೆಳಗಿನ ಪರದೆಯ ಚಿತ್ರವನ್ನು ವಸುಧಾ ಮೇಲಕ್ಕೆ ತೆಗೆದುಕೊಂಡಳು. ನಿಮ್ಮ ಮನೆಯವರು ಅಲ್ಲಿಗೆ ಯಾವಾಗ ಬಂದರು ಎಂದು ಲೀಲಾವತಿಯನ್ನು ಕೇಳಿದಳು. ಲೀಲಾವತಿ ಮನೆಯಲ್ಲಿದ್ದ ಮಗಳಿಗೆ ಫೋನು ಮಾಡಿ ಹೇಳಿದಳು. ಮಗಳು ಅಡುಗೆಮನೆ ದಾಟಿ, ಒಲೆಯ ಪಕ್ಕದ ಮಣ್ಣಿನ ಗಡಿಗೆ ದಾಟಿ, ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಗಾಜಿನ ಚೌಕಟ್ಟಿನ ಮುಂದೆ ಕ್ಯಾಮೆರಾ ಹಿಡಿದಳು. ಕಬ್ಬಿನ ಹೊಲಕ್ಕೆಂದು ಕರಾರಿನ ಮೇಲೆ ಹಡಗು ಹತ್ತಿದವರಿಗೆ ಕೊಡುತ್ತಿದ್ದ ಚೀಟಿ. ಸಂಖ್ಯೆ. ಹೆಸರು ಯಲ್ಲವ್ವ. ಹೆಣ್ಣು. ವಯಸ್ಸು ಇಪ್ಪತ್ತೆರಡು. ಜಿಲ್ಲೆ ಧಾರವಾಡ. ಗುರುತು: ಎಡ ಮೊಣಕೈಯಲ್ಲಿ ಸುಟ್ಟ ಕಲೆ. ಇಸವಿ ಸಾವಿರದ ಎಂಟುನೂರ ಅರವತ್ತಾರು.

ಈಗ ಎರಡು ಸಾವಿರದ ನಲವತ್ತೊಂದು. ನೂರ ಎಪ್ಪತ್ತೈದು ವರ್ಷ.

ಹತ್ತಿರ ಹತ್ತಿರ ಅರವತ್ತನಾಲ್ಕು ಸಾವಿರ ಸಂಜೆ, ಎಂದು ವಸುಧಾಳ ತಲೆ ತಾನಾಗಿಯೇ ಗುಣಿಸಿತು. ಅರವತ್ತನಾಲ್ಕು ಸಾವಿರ ಸಂಜೆ ಈ ದಡದಲ್ಲಿ ಯಾರೋ ಒಬ್ಬಳು ಹಾಲಿಗೆ ಬೆರಳದ್ದಿ ಬಿಸಿ ನೋಡಿದ್ದಾಳೆ, ಆ ದಡದಲ್ಲೂ ಒಬ್ಬಳು ನೋಡಿದ್ದಾಳೆ. ಪ್ಲೇಗು ಬಂದ ವರ್ಷ, ಹೆರಿಗೆಯಾದ ದಿನ, ಹೆಣ ಎತ್ತಿದ ಮನೆಯಲ್ಲಿ. ಒಂದು ಮನೆಯಲ್ಲಿ ತಪ್ಪಿದ್ದರೆ ಪಕ್ಕದ ಮನೆಯ ಬಟ್ಟಲಿನಿಂದ. ಒಮ್ಮೆಯೂ ಕಡಿದಿಲ್ಲ. ಅದನ್ನು ಯಾವ ಕಚೇರಿಯೂ ಬರೆದುಕೊಂಡಿಲ್ಲ. ಒಂದು ಸುಟ್ಟ ಕಲೆಯಿಂದ ಯಲ್ಲವ್ವನನ್ನು ಗುರುತಿಸುತ್ತೇವೆಂದು ಸರ್ಕಾರ ನಂಬಿಕೊಂಡಿದ್ದಾಗ, ಆಕೆ ಸೆರಗಿನ ತುದಿಯ ಗಂಟಿನಲ್ಲಿ ತನ್ನ ನಿಜವಾದ ಗುರುತನ್ನು ಕಟ್ಟಿಕೊಂಡು ಹಡಗಿನ ಏಣಿ ಹತ್ತಿದ್ದಳು.

“ಸೊಗಸೈತಿ,” ಎಂದ ಈರಣ್ಣ ಮೆಲ್ಲಗೆ. “ಆದ್ರ ಹನ್ನೊಂದೂ ನಲವತ್ತು ಆತ್ರಿ.”

ಒಕ್ಕೂಟದ ಅರ್ಜಿಯಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ‘ಒಬ್ಬರೇ ವ್ಯಕ್ತಿ’ ಎಂದು ಒಂದು ಚೌಕ, ‘ವಂಚನೆ’ ಎಂದು ಒಂದು ಚೌಕ. ವಸುಧಾ ಕೆಳಗೆ ಕೆಳಗೆ ಹುಡುಕಿದಳು. ಕೊನೆಯ ಪುಟದಲ್ಲಿ ಮೂರನೆಯದೊಂದು ಸಿಕ್ಕಿತು, ‘ಅವಳಿ’. ಒಂದೇ ಮನೆಯಲ್ಲಿ ಬೆಳೆದ ಅವಳಿಗಳ ಕೈಗಳು ಹೋಲುವುದುಂಟೆಂದು ಇಟ್ಟದ್ದು. ಗುರುತು ಹಾಕಿದಳು. ‘ಎಷ್ಟು ವರ್ಷದಿಂದ ಬೇರೆ ಮನೆಯಲ್ಲಿದ್ದಾರೆ?’ ಎಂದು ಅರ್ಜಿ ಕೇಳಿತು. ೧೭೫ ಎಂದು ಬರೆದಳು. ನೂರ ಇಪ್ಪತ್ತಕ್ಕಿಂತ ಹೆಚ್ಚು ಬರೆಯುವಂತಿಲ್ಲ ಎಂದಿತು ಅರ್ಜಿ. ವಯಸ್ಸಿನಲ್ಲಿ ಐದು ವರ್ಷ ಅಂತರವಿದೆ ಎಂದೂ ದೂರಿತು.

ಮಿತಿ ತೆಗೆಯುವ ಅಧಿಕಾರ ಒಕ್ಕೂಟದ ಮೇಲ್ವಿಚಾರಕಿಗೆ ಮಾತ್ರ. ಅವಳು ಯಾವುದೋ ದೂರದ ಊರಿನಲ್ಲಿ ಆಗಷ್ಟೇ ಕಚೇರಿಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಿದ್ದಳು. ವಸುಧಾ ಹೇಳಿದ್ದನ್ನೆಲ್ಲ ಕೇಳಿದಳು.

“ಇದಕ್ಕೆ ಆಧಾರವಾಗಿ ನೀವು ಮೊಸರನ್ನು ಮಂಡಿಸುತ್ತಿರುವಿರಾ?” ಎಂದಿತು ಅನುವಾದ ಯಂತ್ರ.

“ಹೌದು,” ಎಂದಳು ವಸುಧಾ, ಮತ್ತು ನಕಾಶೆಯನ್ನು ಕಳಿಸಿದಳು.

ಹನ್ನೊಂದೂ ಐವತ್ತೆರಡು. ಐವತ್ತನಾಲ್ಕು. ಮೇಲ್ವಿಚಾರಕಿ ಕುರ್ಚಿಯಲ್ಲಿ ಕೂತೇ ಇರಲಿಲ್ಲ, ನಿಂತುಕೊಂಡೇ ನೋಡುತ್ತಿದ್ದಳು. ಹಿಂದಿನಿಂದ ಇನ್ನಿಬ್ಬರು ಬಂದು ಅವಳ ಭುಜದ ಮೇಲಿಂದ ನೋಡಿದರು. ಈ ಕೊಠಡಿಯಲ್ಲಿ ಫಕೀರವ್ವ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡಿದ್ದಳು. ಜೀವನದಲ್ಲಿ ಎಷ್ಟೋ ಮಂದಿಯನ್ನು ಚೀಟಿಯಿಲ್ಲವೆಂದು ನಡುದಾರಿಯಲ್ಲಿ ಇಳಿಸಿದ್ದಳು. ಅವರೆಲ್ಲ ಈಗ ನೆನಪಾದರೋ ಏನೋ.

“ನನ್ನ ಅಜ್ಜಿಯು ರೊಟ್ಟಿಯ ಹುಳಿಹಿಟ್ಟನ್ನು ಹೀಗೆಯೇ ಇಟ್ಟಿದ್ದಳು,” ಎಂದಿತು ಅನುವಾದ ಯಂತ್ರ ಕೊನೆಗೆ. “ನಾವು ಅದನ್ನು ಎಸೆದೆವು.” ಆಮೇಲೆ, “ಅವಳಿ ಎಂದೇ ಇರಲಿ. ಮಿತಿಯನ್ನು ತೆಗೆದಿರುವೆನು.”

ಎರಡೂ ದಡದಲ್ಲಿ ದೀಪ ಹಸಿರಾಯಿತು. ಪರದೆಯಲ್ಲಿ ಲೀಲಾವತಿ ಎದ್ದು ನಿಂತು ಬಾಚಣಿಕೆ, ಮಾತ್ರೆ ಎಲ್ಲ ಚೀಲಕ್ಕೆ ತುಂಬಿಕೊಂಡಳು. ಹೋಗುವ ಮುನ್ನ ತಿರುಗಿ ಅಂಗೈ ತೋರಿಸಿದಳು. ಫಕೀರವ್ವನೂ ತೋರಿಸಿದಳು. ಅನುವಾದ ಯಂತ್ರ ಕಾಯುತ್ತಿತ್ತು, ಅದಕ್ಕೆ ಕೆಲಸ ಸಿಗಲಿಲ್ಲ.

ಗೇಟಿನಲ್ಲಿ ಈರಣ್ಣ ಗಂಟನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟ.

“ಅಮ್ಮಾ,” ಎಂದಳು ವಸುಧಾ, “ನನಗೂ ಒಂಚೂರು ಹೆಪ್ಪು ಕೊಡ್ತೀರೇನು?”

“ಇದು ಮಗಳಿಗೈತಿ. ನೀ ಕುಂದಗೋಳಕ್ಕ ಹೋಗು, ನಮ್ಮ ಬಾಜೂ ಮನಿ ಶರಣವ್ವನ ಕಡೆ ಇಟ್ಟು ಬಂದೀನಿ. ದೀಪ ಹಚ್ಚೂದರೊಳಗ ಹೋಗು. ದೀಪ ಹಚ್ಚಿದ ಮ್ಯಾಲೆ ಆಕಿ ಕೊಡೂದಿಲ್ಲ. ನಿಮ್ಮ ಒಕ್ಕೂಟ ಬಂದು ಕೇಳಿದ್ರೂ ಕೊಡೂದಿಲ್ಲ.”

ವಸುಧಾ ಅಂದೇ ಹೋದಳು. ಶರಣವ್ವ ಬಾಗಿಲಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಹೊತ್ತನ್ನೂ ನೋಡಿ, ಒಂದು ಬಟ್ಟಲು ಕೊಟ್ಟಳು. ಮನೆಯಲ್ಲಿ ಗಂಡ ಫ್ರಿಜ್ಜು ತೆರೆದು, “ಪ್ಯಾಕೆಟ್ ಎಲ್ಲಿ ಹೋದವು?” ಎಂದ. ಅವಳು ಹಾಲಿಗೆ ಬೆರಳದ್ದಿ ನಿಂತಿದ್ದಳು. ಬಿಸಿ ಎಷ್ಟಿರಬೇಕೆಂದು ಡಿಗ್ರಿಯ ಲೆಕ್ಕದಲ್ಲಿ ಅವಳಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ. ಮೊದಲ ಮೂರು ದಿನ ಹಾಲು ಒಡೆಯಿತು.

ಫಕೀರವ್ವನ ವಿಮಾನ ಹೊತ್ತಿಗೆ ಸರಿಯಾಗಿ ಮುಟ್ಟಿತೆಂದು ದಾಖಲೆಯಲ್ಲಿತ್ತು. ಆಕೆ ಒಂಬತ್ತು ದಿನದ ಮೇಲೆ ತಿರುಗಿ ಬಂದದ್ದೂ ದಾಖಲೆಯಲ್ಲಿತ್ತು. ಬಂದರಿನ ಕಟ್ಟೆಯ ಮೇಲೆ ತಾಯಿ ಮಗಳು ಏನು ಮಾತಾಡಿಕೊಂಡರೆಂಬುದಕ್ಕೆ, ಮಗಳು ಗಂಟನ್ನು ಈ ಸಲ ತೆಗೆದುಕೊಂಡಳೋ ಇನ್ನೊಂದು ಗೂಟಕ್ಕೆ ಸಿಕ್ಕಿಸಿದಳೋ ಎಂಬುದಕ್ಕೆ ದಾಖಲೆಯಿರಲಿಲ್ಲ. ಕೇಳಲು ವಸುಧಾಳಿಗೆ ಸಂಕೋಚ.

ಏಳು ತಿಂಗಳ ಮೇಲೆ ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಪರದೆ ಕೆಂಪಾಯಿತು. ದಕ್ಷಿಣದ ತುದಿಯ ಒಂದು ಬಂದರಿನಲ್ಲಿ, ಹಿಮ ಬೀಳುವ ಊರಿನಲ್ಲಿ, ಸರಕು ಹಡಗಿನಿಂದ ಇಳಿದ ಎಂಜಿನಿಯರೊಬ್ಬಳ ಕೈಯನ್ನು ತಟ್ಟೆ ತಡೆದು ನಿಲ್ಲಿಸಿತ್ತು. ನಕಾಶೆಯ ಕೆಳಗಂಚಿನಲ್ಲಿ, ಹಿಂದೆ ಏನೂ ಇಲ್ಲದ ಕಡೆ, ಒಂದು ಚುಕ್ಕಿ ಉರಿಯುತ್ತಿತ್ತು.

‘ಅವಳಿಗಳು ಮೂವರಾಗಿದ್ದಾರೆ,’ ಎಂದು ಯಂತ್ರ ಬರೆದಿತ್ತು. ‘ಇದು ಸರಿಯೇ?’

ವಸುಧಾ ಮೊಸರನ್ನದ ಕೈಯನ್ನು ಸೆರಗಿಗೆ ಒರೆಸಿಕೊಂಡು ‘ಸರಿ’ ಒತ್ತಿದಳು.